ರಾತ್ರಿ ಎರಡೂವರೆಯ ಲಂಬಕೋನ

ಮಂಡಿ ಬದಲಾಯಿಸಿಕೊಂಡವರ ಮಾತನ್ನು ನಂಬಬೇಡಿ. ಹೇಳುತ್ತಿರುವ ನನ್ನದೂ ಬದಲಾಯಿಸಿದ ಮಂಡಿಯೇ, ಅದನ್ನೂ ಲೆಕ್ಕಕ್ಕೆ ಹಿಡಿದುಕೊಂಡು ಮುಂದಕ್ಕೆ ಓದಿ.

ಆಪರೇಷನ್ನಿಗೆ ಮುಂಚೆ ನಾನು ವಿಚಾರಿಸಿದವರೆಲ್ಲ ಒಂದೇ ಪಾಠ ಒಪ್ಪಿಸಿದರು: "ಏನೂ ಇಲ್ಲ ಕಣ್ರೀ, ಮೂರೇ ದಿನ." ನಮ್ಮ ವಾರಗಿತ್ತಿ ಮೂರನೇ ದಿನ ಅಡುಗೆಮನೆಗೆ ನಡೆದು ಹೋಗಿ ಸಾರಿಗೆ ಒಗ್ಗರಣೆ ಹಾಕಿದಳಂತೆ. ಸರಸ್ವತಿಪುರಂ ಪಾರ್ಕಿನ ಬೆಂಚಿನ ಮೇಲೆ ಸಿಗುವ ನಿವೃತ್ತ ಎಂಜಿನಿಯರರೊಬ್ಬರು ಎರಡೂ ಮಂಡಿ ಒಟ್ಟಿಗೆ ಮಾಡಿಸಿಕೊಂಡು ಆರನೇ ವಾರಕ್ಕೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದರಂತೆ. ಅದೇ ಮನುಷ್ಯ ಪಾರ್ಕಿನ ಮೂರು ಮೆಟ್ಟಿಲನ್ನು ಕಂಬಿ ಹಿಡಿದು ಇಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆಗ ನನಗೆ ಬೇಕಿದ್ದದ್ದು ಧೈರ್ಯ. ಸತ್ಯವನ್ನು ತಗೊಂಡು ಏನು ಮಾಡಲಿ?

ನೋವಿನ ಬಗ್ಗೆಯಾದರೂ ಒಬ್ಬಿಬ್ಬರು ಮೆಲ್ಲಗೆ ಸುಳಿವು ಕೊಟ್ಟಿದ್ದರು. ನಿದ್ದೆಯ ಬಗ್ಗೆ ಮಾತ್ರ ಒಂದು ನರಪಿಳ್ಳೆಯೂ ಬಾಯಿ ಬಿಡಲಿಲ್ಲ.

ಆಪರೇಷನ್ ಏನು ಮಹಾ, ಒಂದೂವರೆ ಗಂಟೆಯ ಕೆಲಸ. ಬೆನ್ನಿಗೊಂದು ಸೂಜಿ ಚುಚ್ಚಿದರು, ಸೊಂಟದಿಂದ ಕೆಳಗಿನದ್ದು ನನ್ನದಲ್ಲ ಅಂತಾಯಿತು. ಪರದೆಯಾಚೆ ಗರಗಸ, ಸುತ್ತಿಗೆಯ ಸದ್ದು ಕೇಳಿ ನಮ್ಮ ಮನೆಯ ಬೀರು ಮಾಡಿದ ಬಡಗಿ ನೆನಪಾದ. ಸವೆದ ತುದಿಗಳನ್ನು ಕತ್ತರಿಸಿ, ತೊಡೆಮೂಳೆಗೆ ಕೋಬಾಲ್ಟ್ ಕ್ರೋಮಿಯಂ ಟೋಪಿ, ಕೆಳಗಿನ ಮೂಳೆಗೆ ಲೋಹದ ತಟ್ಟೆ, ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆ. ಅಂಟಿಸುವುದಕ್ಕೆ ಬಳಸುವ ಸಿಮೆಂಟು ಅಕ್ರಿಲಿಕ್ ಜಾತಿಯದು. ಹಲ್ಲಿನ ಸೆಟ್ಟು ಮಾಡುವುದೂ ಅದರಲ್ಲೇ. ಅಂದರೆ ನಮ್ಮತ್ತೆ ಬಾಯಲ್ಲಿ ಇಟ್ಟುಕೊಂಡು ನನ್ನನ್ನು ಬೈಯುತ್ತಿದ್ದದ್ದನ್ನೇ ನಾನೀಗ ಮಂಡಿಯಲ್ಲಿಟ್ಟುಕೊಂಡಿದ್ದೇನೆ. ರಾತ್ರಿಯೆಲ್ಲ ಗೊಣಗುವುದರಲ್ಲಿ ಏನು ಆಶ್ಚರ್ಯ!

ಮೊದಲನೆಯ ದಿನ ನೋವೇ ಇಲ್ಲ. ತೊಡೆಯ ನರಕ್ಕೆ ಮರಗಟ್ಟಿಸುವ ಮದ್ದು ಕೊಟ್ಟಿದ್ದರು ಅನ್ನುವುದು ತಿಳಿಯದೆ, ಮಲಗಿದಲ್ಲಿಂದಲೇ ಇಪ್ಪತ್ತು ಜನಕ್ಕೆ ಫೋನು ಹಚ್ಚಿ "ಏನೂ ಇಲ್ಲಪ್ಪ, ಸುಮ್ಮನೆ ಹೆದರಿದ್ದೆ" ಅಂದೆ. ಸುಳ್ಳರ ಸಂಘಕ್ಕೆ ನಾನು ಸದಸ್ಯೆಯಾದದ್ದು ಆವತ್ತೇ. ಎರಡನೆಯ ರಾತ್ರಿ ಮದ್ದು ಇಳಿಯಿತು. ಮಂಡಿ ಕಣ್ಣು ಬಿಟ್ಟಿತು. ಆಮೇಲೆ ಎಷ್ಟೋ ರಾತ್ರಿ ಅದು ಮುಚ್ಚಲೇ ಇಲ್ಲ, ನನಗೂ ಮುಚ್ಚಗೊಡಲಿಲ್ಲ.

ಈ ಮಂಡಿಗೆ ಹಗಲಿಗಿಂತ ರಾತ್ರಿಯ ಮೇಲೆ ಯಾಕೆ ಪ್ರೀತಿ ಅಂತ ಡಾಕ್ಟರನ್ನೇ ಕೇಳಿದೆ. ಹಗಲೆಲ್ಲ ಕಾಲು ಇಳಿಬಿಟ್ಟು ಓಡಾಡಿದ ಬಾವು ರಾತ್ರಿ ಬಂದು ಲೆಕ್ಕ ಕೇಳುತ್ತದಂತೆ. ಉರಿಯೂತವನ್ನು ಅಂಕೆಯಲ್ಲಿಡುವ ಕಾರ್ಟಿಸಾಲ್ ಅನ್ನುವ ಹಾರ್ಮೋನು ನಡುರಾತ್ರಿಯ ಹೊತ್ತಿಗೆ ತಳ ಕಂಡಿರುತ್ತದಂತೆ. ಮೂರನೆಯದನ್ನು ನಾನೇ ಕಂಡುಕೊಂಡೆ. ಹಗಲು ಮಂಡಿಗೆ ಪೈಪೋಟಿ ಇದೆ: ಕುಕ್ಕರಿನ ಸೀಟಿ, ಸೊಪ್ಪಿನವಳ ಕೂಗು, ಧಾರಾವಾಹಿಯ ಅತ್ತೆ. ರಾತ್ರಿ ರಂಗದ ಮೇಲೆ ಅದೊಂದೇ ಪಾತ್ರ, ನೋಡಲಿಕ್ಕೆ ನಾನೊಬ್ಬಳೇ. ನೋವಿದ್ದರೆ ನಿದ್ದೆಯಿಲ್ಲ, ನಿದ್ದೆಗೆಟ್ಟರೆ ಮಾರನೆಯ ದಿನ ನೋವು ಇನ್ನಷ್ಟು ಚುರುಕು. 34 ವರ್ಷ ಹೈಸ್ಕೂಲಿನಲ್ಲಿ ಚಕ್ರಬಡ್ಡಿಯ ಲೆಕ್ಕ ಹಾಕಿಸಿದವಳಿಗೆ ಚಕ್ರಬಡ್ಡಿ ಅಂದರೇನು ಅಂತ ಅರ್ಥವಾದದ್ದು ಈಗ.

ಮಲಗುವ ಭಂಗಿಯದ್ದೇ ಒಂದು ಪುರಾಣ. ಹುಟ್ಟಿದಾಗಿನಿಂದ ಎಡಮಗ್ಗುಲಿಗೆ ಮುದುಡಿ ಮಲಗಿದವಳನ್ನು ಅಂಗಾತ ಮಲಗಿಸಿದರು. ಶರಶಯ್ಯೆಯ ಭೀಷ್ಮನಿಗಾದರೂ ದಿಂಬು ಕೊಡುವುದಕ್ಕೆ ಅರ್ಜುನ ಇದ್ದ. ನನ್ನ ಅರ್ಜುನ ಪಕ್ಕದ ಮಂಚದಲ್ಲಿ ಗಾಂಡೀವದ ಠೇಂಕಾರದಂತೆ ಗೊರಕೆ ಹೊಡೆಯುತ್ತಿದ್ದ. ನಾನೇ ತಡಕಾಡಿ ಒಂದು ದಿಂಬನ್ನು ಮಂಡಿಯ ಕೆಳಗೆ ತೂರಿಸಿದೆ. ಆಹಾ, ಸ್ವರ್ಗ! ಬೆಳಿಗ್ಗೆ ಬಂದ ಫಿಸಿಯೋ ಹುಡುಗ ಕಳ್ಳಭಟ್ಟಿ ಹಿಡಿದವನ ಹಾಗೆ ಅದನ್ನು ಎಳೆದು ಬಿಸಾಡಿದ. ಮಂಡಿಯ ಕೆಳಗೆ ದಿಂಬಿಟ್ಟರೆ ಕಾಲು ಬಗ್ಗಿದ ಹಾಗೇ ಗಟ್ಟಿಯಾಗಿ, ಆಮೇಲೆ ನೆಟ್ಟಗಾಗುವುದಿಲ್ಲವಂತೆ. ಇಡುವುದಾದರೆ ಹಿಮ್ಮಡಿಯ ಕೆಳಗೆ, ಮಂಡಿ ಗಾಳಿಯಲ್ಲಿ ತೂಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ನಮ್ಮ ಹಿರಿಯರಿಗೆ ಕಾಲು ಚಾಚುವುದೇ ಒಂದು ಪರೀಕ್ಷೆಯಾಗುವ ದಿನ ಬರುತ್ತದೆ ಅನ್ನುವುದು ಗೊತ್ತಿರಲಿಲ್ಲ. ಮೂರು ವಾರದ ಮೇಲೆ, ಎರಡು ಕಾಲಿನ ನಡುವೆ ದಿಂಬಿಟ್ಟುಕೊಂಡು ಮಗ್ಗುಲಾಗಬಹುದು ಅಂತ ಅಪ್ಪಣೆ ಸಿಕ್ಕಿದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು, ಸುಳ್ಳಲ್ಲ.

ಮಾತ್ರೆಗಳ ವಿಷಯದಲ್ಲಿ ನಾನು ಮಾಡಿದ ಜಾಣತನ ಕೇಳಿ. ಬಂದ ನೆಂಟರೆಲ್ಲ "ನೋವಿನ ಮಾತ್ರೆ ಅಭ್ಯಾಸ ಆಗಿಬಿಡತ್ತೆ, ತಡ್ಕೊ" ಅಂದರು. ತಡೆದುಕೊಂಡೆ. ತಡೆದುಕೊಂಡು, ಹಲ್ಲು ಕಚ್ಚಿ, ನೋವು ನೆತ್ತಿಗೇರಿದ ಮೇಲೆ ನುಂಗಿದೆ. ಮಾತ್ರೆ ಹೊಟ್ಟೆಯೊಳಗೆ ಕೈಚೆಲ್ಲಿ ಕೂತಿತು. ಡ್ರೆಸಿಂಗ್ ಬದಲಿಸಲು ಬಂದ ನರ್ಸಮ್ಮ ಬೈದರು: "ಹಾಲು ಉಕ್ಕಿದ ಮೇಲೆ ಗ್ಯಾಸ್ ಆರಿಸ್ತೀರಾ? ಉಕ್ಕೋ ಮುಂಚೆ ತಾನೆ?" ಅಂದಿನಿಂದ ಚೀಟಿಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ, ನೋವು ಬಾಗಿಲು ತಟ್ಟುವ ಮೊದಲೇ ನುಂಗಿದೆ. ಮಲಗುವ ಮುಂಚಿನದಂತೂ ತಪ್ಪಿಸಲಿಲ್ಲ. ಟ್ರಮಡಾಲ್ ಅಂತೊಂದಿತ್ತು, ಅದು ಕಣ್ಣು ಮುಚ್ಚಿಸುತ್ತದೆ, ಆದರೆ ಮುಚ್ಚಿದ ಕಣ್ಣಿನೊಳಗೆ ಬರೀ ಮಂಪರು. ಆಳದ ನಿದ್ದೆಗೆ ಆ ಜಾತಿಯ ಮಾತ್ರೆಗಳೇ ಕತ್ತರಿ. ಹೊಟ್ಟೆಗೂ ಬೀಗ ಹಾಕುತ್ತದೆ. ಆ ಅಧ್ಯಾಯವನ್ನು ಇಲ್ಲಿ ಬಿಚ್ಚುವುದು ಬೇಡ, ಒಣದ್ರಾಕ್ಷಿ ನೆನೆಸಿಟ್ಟುಕೊಳ್ಳಿ ಅಂದರೆ ಸಾಕು.

ಎದುರುಮನೆಯಾಕೆ ಕರುಣಾಮಯಿ. ತಾನು ದಿನಾ ನುಂಗುವ ನಿದ್ದೆ ಮಾತ್ರೆಯಲ್ಲಿ ಅರ್ಧ ಮುರಿದು, ಪ್ರಸಾದದ ಹಾಗೆ ಕಾಗದದಲ್ಲಿ ಕಟ್ಟಿ ತಂದುಕೊಟ್ಟಳು. ಪುಣ್ಯಕ್ಕೆ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಟ್ರಮಡಾಲೂ ನಿದ್ದೆ ಮಾತ್ರೆಯೂ ಸೇರಿದರೆ ಉಸಿರನ್ನೇ ನಿಧಾನ ಮಾಡಿಬಿಡಬಹುದು, ಮುಟ್ಟಕೂಡದು ಅಂದರು. ಇನ್ನೊಂದು ಎಚ್ಚರಿಕೆಯನ್ನೂ ಸೇರಿಸಿದರು: ಮೀನಖಂಡ ಊದಿ, ಬಿಸಿಯಾಗಿ, ಹಿಂಡಿದ ಹಾಗೆ ನೋಯತೊಡಗಿದರೆ ವಾಯು ಅಂತ ಇಂಗು ತಿಕ್ಕಿಕೊಂಡು ಕೂರಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಹೊತ್ತಲ್ಲದ ಹೊತ್ತಾದರೂ ಸರಿ, ತಕ್ಷಣ ಆಸ್ಪತ್ರೆಗೆ ಬನ್ನಿ ಅಂತ. ಇದರಲ್ಲಿ ನನ್ನ ತಮಾಷೆ ಏನೂ ಸೇರಿಲ್ಲ.

ಸರಿ, ಎಚ್ಚರವಾಗಿಯೇ ಇದ್ದೀನಲ್ಲ, ಏನು ಮಾಡಲಿ? ರಾತ್ರಿ ಎರಡೂವರೆ ಅಂದರೆ ನ್ಯೂಜೆರ್ಸಿಯ ಮಗಳಿಗೆ ಸಂಜೆ ಐದು. ಮದುವೆಯಾಗಿ ಹೋದ ಮೇಲೆ ಹನ್ನೊಂದು ವರ್ಷದಲ್ಲಿ ಆಡದಷ್ಟು ಮಾತನ್ನು ಆರು ವಾರದಲ್ಲಿ ಆಡಿದೆವು. ಅವಳ ಮನೆಯ ಸಾಂಬಾರಿಗೆ ಹುಣಿಸೆ ಎಷ್ಟು ಅನ್ನುವುದರಿಂದ ಹಿಡಿದು ಅವಳ ಮ್ಯಾನೇಜರಿನ ಎರಡನೇ ಮದುವೆಯ ತನಕ ಈಗ ನನಗೆ ಎಲ್ಲ ಗೊತ್ತು. ಅವಳು ಫೋನಿಟ್ಟ ಮೇಲೆ ಮೊಬೈಲು ಉಜ್ಜಿ ಉಜ್ಜಿ ಮಂಡಿಯ ಇತಿಹಾಸ ಓದಿದೆ. 1890ರಲ್ಲಿ ಬರ್ಲಿನ್ನಿನ ಗ್ಲುಕ್ ಅನ್ನುವ ಡಾಕ್ಟರು ಆನೆಯ ದಂತದಲ್ಲಿ ಮಂಡಿ ಕೆತ್ತಿಸಿ, ಕ್ಷಯ ತಿಂದ ಕೀಲುಗಳ ಜಾಗದಲ್ಲಿ ಕೂರಿಸಿದ್ದರಂತೆ. ಸೋಂಕು ತಗುಲಿ ಅವು ಉಳಿಯಲಿಲ್ಲ. ಅದನ್ನು ಓದಿದ ರಾತ್ರಿ ಬಿದ್ದ ಚೂರುಪಾರು ಕನಸಿನಲ್ಲಿ ಜಂಬೂಸವಾರಿಯ ಆನೆಯೊಂದು ಅಂಬಾರಿ ಇಳಿಸಿ ನನ್ನ ಬಾಗಿಲಲ್ಲಿ ನಿಂತು ದಂತ ವಾಪಸ್ ಕೇಳುತ್ತಿತ್ತು.

ವಾಜಪೇಯಿಯವರ ಮಂಡಿಯ ಬಗ್ಗೆಯೂ ನನಗೊಂದು ಸಂಶೋಧನೆ ಇದೆ. ಎಡ ಮಂಡಿ 2000ದ ಅಕ್ಟೋಬರಿನಲ್ಲಿ, ಬಲ ಮಂಡಿ 2001ರ ಜೂನಿನಲ್ಲಿ, ಎರಡೂ ಮುಂಬಯಿಯಲ್ಲಿ. ಮಾಡಿದವರು ನ್ಯೂಯಾರ್ಕಿನಿಂದ ಬಂದ ಡಾಕ್ಟರ್ ರಾನಾವತ್. ಈಗಿನ ಮಂಡಿಗಳ ಮೂಲ ವಿನ್ಯಾಸವನ್ನು 1970ರ ದಶಕದಲ್ಲಿ ರೂಪಿಸಿದವರಲ್ಲಿ ಅವರೂ ಒಬ್ಬರು. ಸರಿ. ಮರು ತಿಂಗಳು, ಜುಲೈಯಲ್ಲಿ, ಆಗ್ರಾದಲ್ಲಿ ಮುಷರಫ್ ಜೊತೆ ಶೃಂಗಸಭೆ. ಮುರಿದುಬಿತ್ತು. ಕಾಶ್ಮೀರ ಕಾರಣ ಅಂತ ಎಲ್ಲರೂ ಬರೆದರು. ಐದಾರು ವಾರದ ಮಂಡಿ ಇಟ್ಟುಕೊಂಡ ಮನುಷ್ಯ ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದರು ಅಂತ ಒಬ್ಬ ಪತ್ರಕರ್ತನೂ ಕೇಳಲಿಲ್ಲ. ನನಗಂತೂ ಐದನೇ ವಾರದಲ್ಲಿ ಹಾಲಿನವನ ಜೊತೆಗೂ ಒಪ್ಪಂದ ಸಾಧ್ಯವಾಗಿರಲಿಲ್ಲ.

ಇನ್ನು ಫಿಸಿಯೋ ಹುಡುಗ. ವಯಸ್ಸು ಇಪ್ಪತ್ತಾರು, ಕೈಯಲ್ಲಿ ದೊಡ್ಡದೊಂದು ಕೋನಮಾಪಕ. ಜೀವಮಾನವೆಲ್ಲ ಕೋನ ಅಳೆಸಿ ಅಂಕ ಕೊಟ್ಟವಳ ಕಾಲನ್ನೇ ಅಳೆದು ಅಂಕ ಕೊಡುತ್ತಿದ್ದ. "62 ಡಿಗ್ರಿ ಮೇಡಂ, ಸಾಲದು. ಎರಡು ವಾರಕ್ಕೆ 90 ಬರಬೇಕು." ಹಿಮ್ಮಡಿ ಎಳೆಸಿ, ತೊಡೆ ಬಿಗಿಸಿ, ಪಾದ ಆಡಿಸಿ ನನ್ನಿಂದ ದೇವರ ನಾಮಗಳನ್ನೆಲ್ಲ ಹೇಳಿಸಿದ. ಮೆಟ್ಟಿಲ ಪಾಠವನ್ನೂ ಅವನೇ ಮಾಡಿದ: "ಹತ್ತುವಾಗ ಒಳ್ಳೇ ಕಾಲು ಮುಂದೆ, ಇಳಿಯುವಾಗ ಕೆಟ್ಟ ಕಾಲು ಮುಂದೆ. ಒಳ್ಳೇದು ಸ್ವರ್ಗಕ್ಕೆ, ಕೆಟ್ಟದ್ದು ಪಾತಾಳಕ್ಕೆ." ಅಷ್ಟು ದುಡ್ಡು ಸುರಿದು ಹಾಕಿಸಿಕೊಂಡ ಹೊಸದೇ ಕೆಟ್ಟ ಕಾಲಂತೆ! (ದುಡ್ಡಿನ ಮಾತು ಬಂತಲ್ಲ: 2017ರಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿದಾಗ ಒಂದೂವರೆ ಲಕ್ಷದ ಮೇಲಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿ 54,720 ರೂಪಾಯಿಗೆ ಇಳಿಯಿತು, ಜಿಎಸ್‌ಟಿ ಬೇರೆ. ಮಂಡಿ ಇಳಿಯಿತು, ಬಿಲ್ಲು ಇಳಿಯಲಿಲ್ಲ ಅನ್ನುವುದು ನಮ್ಮ ಯಜಮಾನರ ಸಿದ್ಧಾಂತ.) ಒಂದು ದಿನ ನೋವಿನಲ್ಲಿ "ಯಾವ ಜನ್ಮದ ಪಾಪವಪ್ಪ ಇದು" ಅಂದೆ. ಹುಡುಗ ಕೋನಮಾಪಕದಿಂದ ಕಣ್ಣೆತ್ತದೆ ಕೇಳಿದ: "ಮೇಡಂ, ನೀವು ಕ್ಲಾಸಿನಲ್ಲಿ ಮಕ್ಕಳನ್ನ ಮಂಡಿಯೂರಿ ನಿಲ್ಲಿಸ್ತಿದ್ರಾ?" ನಾನು ಕಿಟಕಿಯ ಕಡೆ ನೋಡಿದೆ.

ಮರ್ಯಾದೆಯ ಪ್ರಶ್ನೆಯಾಯಿತಲ್ಲ. ಆವತ್ತು ರಾತ್ರಿ ಎರಡೂವರೆಗೆ ಮಂಚದ ಅಂಚಿಗೆ ಕೂತು, ಮೊಮ್ಮಗ ರಜೆಗೆ ಬಂದಾಗ ಬಿಟ್ಟುಹೋದ ಜಾಮಿಟ್ರಿ ಬಾಕ್ಸಿನಿಂದ ಪುಟ್ಟ ಕೋನಮಾಪಕ ತೆಗೆದು, ಟಾರ್ಚ್ ಹಿಡಿದು ಮಂಡಿಗೆ ಆನಿಸಿ ಬಗ್ಗಿಸಿದೆ. 88. ಇನ್ನಿಷ್ಟು. 89. ಆಗ ಎಚ್ಚರವಾದ ಯಜಮಾನರು ಕತ್ತಲಲ್ಲಿ ಬಿಳೀ ಕಾಲುಚೀಲ, ಟಾರ್ಚು, ಕೈಯಲ್ಲಿ ಹೊಳೆಯುವ ಅರ್ಧಚಂದ್ರ ಹಿಡಿದ ಆಕೃತಿಯನ್ನು ಕಂಡು ಕೂಗಿದ ಕೂಗಿಗೆ ನಾನು ಬೆಚ್ಚಿದೆ, ಮಂಡಿ 90 ದಾಟಿತು.

ಐಸಿನ ಉಪಕಾರವನ್ನು ಮರೆಯಬಾರದು. ಬಟ್ಟೆ ಸುತ್ತಿ, ಹದಿನೈದು ಇಪ್ಪತ್ತು ನಿಮಿಷ, ಕಾಲನ್ನು ಎದೆಮಟ್ಟಕ್ಕಿಂತ ಮೇಲಿಟ್ಟುಕೊಂಡು, ಮಲಗುವ ಮುಂಚೆ. ಹೆಪ್ಪುಗಟ್ಟಿದ ಬಟಾಣಿ ಪೊಟ್ಟಣದಷ್ಟು ಚೆನ್ನಾಗಿ ಮಂಡಿಗೆ ಒಗ್ಗುವುದು ಇನ್ನೊಂದಿಲ್ಲ. ದುರ್ಯೋಧನ ವೈಶಂಪಾಯನ ಸರೋವರ ಹೊಕ್ಕದ್ದು ಭೀಮನ ಭಯಕ್ಕೆ ಅಂತ ಇಷ್ಟು ದಿನ ನಂಬಿದ್ದೆ. ಅಲ್ಲ, ತೊಡೆಗೆ ಆಗಲಿದ್ದದ್ದು ತಿಳಿದು ಮುಂಗಡವಾಗಿ ತಂಪು ಕೊಡುತ್ತಿದ್ದ, ಪಾಪ.

ಆರನೇ ವಾರ ಕಳೆದ ಮೇಲೆ ಒಂದು ದಿನ ಕಣ್ಣು ಬಿಟ್ಟರೆ ದೇವಸ್ಥಾನದ ಸುಪ್ರಭಾತ ಕೇಳುತ್ತಿದೆ. ಎರಡೂವರೆ ಯಾವಾಗ ಬಂದು ಹೋಯಿತೋ ಗೊತ್ತೇ ಇಲ್ಲ. ಮೊಬೈಲಿನಲ್ಲಿ ಮಗಳ ಹನ್ನೆರಡು ಮೆಸೇಜು: "ಅಮ್ಮಾ, ಯಾಕೆ ಆನ್‌ಲೈನ್ ಬಂದಿಲ್ಲ? ಹುಷಾರಾಗಿದ್ದೀಯ ತಾನೆ?" ಹಾಗಂತ ಮರುದಿನವೂ ನಿದ್ದೆ ಬಂತು ಅಂದುಕೊಳ್ಳಬೇಡಿ. ಎರಡು ರಾತ್ರಿ ಬಂದರೆ ಒಂದು ರಾತ್ರಿ ರಜ. ಈಗ ಹತ್ತನೇ ವಾರ. ಒಟ್ಟಿಗೆ ಐದು ಗಂಟೆ ಮಲಗುತ್ತೇನೆ. ಗಾಯದ ಹೊರಮಗ್ಗುಲು ಇನ್ನೂ ಜೋಮು. ಕೂತು ಏಳುವಾಗ ಲೋಹ, ಪ್ಲಾಸ್ಟಿಕ್ಕು ತಾಗಿ ಒಳಗಿನಿಂದ ಟಕ್ ಅನ್ನುತ್ತದೆ. ಅದು ಸಹಜವಂತೆ. ಥೇಟು ಗೋಡೆಯ ಹಲ್ಲಿ ಲೊಚಗುಟ್ಟಿದ ಹಾಗೆ. ಮೊದಮೊದಲು ನಾನು ಅಭ್ಯಾಸಬಲದಿಂದ ನೆಲ ಕುಟ್ಟಲು ಬಗ್ಗುತ್ತಿದ್ದೆ, ಬಗ್ಗಲಾಗದೆ ಮಂಚ ಕುಟ್ಟುತ್ತಿದ್ದೆ.

ನಿನ್ನೆ ಜೊತೆಯಲ್ಲಿ ಕೆಲಸ ಮಾಡಿದ ಸಮಾಜವಿಜ್ಞಾನದ ಟೀಚರು ಫೋನು ಮಾಡಿದ್ದಳು. ಅವಳದ್ದೂ ಎರಡೂ ಮಂಡಿ ಸವೆದಿದೆ, ಮುಂದಿನ ತಿಂಗಳು ತಾರೀಕು ಕೊಟ್ಟಿದ್ದಾರೆ. "ನಿಜ ಹೇಳೇ, ತುಂಬಾ ನೋಯತ್ತಾ? ರಾತ್ರಿ ನಿದ್ದೆ ಗಿದ್ದೆ ಬರತ್ತಾ?" ಅವಳ ದನಿ ನಡುಗುತ್ತಿತ್ತು. ದಿಂಬು, ಬಟಾಣಿ, ಹಾಲು ಉಕ್ಕುವುದು, ಆನೆ, ಎಲ್ಲವೂ ನಾಲಿಗೆಯ ತುದಿಗೆ ಬಂತು. ಕುರ್ಚಿಯಿಂದ ಎದ್ದು ನಿಂತೆ.

"ಏನೂ ಇಲ್ಲ ಕಣೆ," ಅಂದೆ, "ಮೂರೇ ದಿನ."

ಮಂಡಿ ಟಕ್ ಅಂತು.

"ಅದೇನೇ ಸದ್ದು?"

"ಹಲ್ಲಿ ಕಣೆ, ಹಲ್ಲಿ. ಕೃಷ್ಣ ಕೃಷ್ಣ ಅನ್ನು."