ಭಾವನ ಸ್ಪೋರ್ಟ್ಸ್ ಕಾರು

ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ನೆನಪಿದೆಯೇ? ಎರಡೇ ಸೀಟು, ಬಟ್ಟೆಯ ಚಾವಣಿ, 1,149 ಸಿಸಿಯ ರೆನೋ ಎಂಜಿನ್. ಅಂಥದ್ದೊಂದನ್ನು ನಮ್ಮ ಭಾವ ಪೋರ್ಟಿಕೋದಲ್ಲಿ ಬಿಚ್ಚಿ ಹರವಿದ್ದಾರೆ.

‘ಫೈಬರ್ ಬಾಡಿ ಕಣಯ್ಯಾ, ತುಕ್ಕಿನ ಮಾತೇ ಇಲ್ಲ’ ಎಂದು ಬೀಗುತ್ತಿದ್ದರು. ನಿಜ, ತುಕ್ಕು ಬಾಡಿಯನ್ನು ಬಿಟ್ಟು ಬೋಲ್ಟುಗಳನ್ನೆಲ್ಲ ಹಿಡಿದಿತ್ತು. ಬಿರುಕಿಗೆ ರೆಸಿನ್ ಮೆತ್ತಿ ಉಪ್ಪುಕಾಗದದಲ್ಲಿ ಉಜ್ಜಿದ ದಿನವಂತೂ ಪುಡಿ ಹಾರಿ, ಒಣಹಾಕಿದ್ದ ಬಟ್ಟೆಗೆ ಕೂತು, ಮನೆಮಂದಿಯೆಲ್ಲ ರಾತ್ರಿಯಿಡೀ ತುರಿಸಿಕೊಂಡದ್ದೇ ಬಂತು.

ಪ್ರಗತಿ ಇಲ್ಲವೆನ್ನುವಂತಿಲ್ಲ. ಅಲಾಯ್ ವೀಲ್ ಬಂದಿವೆ, ಮರದ ಸ್ಟೀರಿಂಗ್ ಬಂದಿದೆ, ಅಗಲ ಬಾಯಿಯ ಸೈಲೆನ್ಸರೂ ಬಂದಿದೆ. ಗೇರ್‌ಬಾಕ್ಸ್ ಮಾತ್ರ ಅಕ್ಕನ ಹಳೇ ಸೀರೆ ಹೊದ್ದು ಮಂಚದ ಕೆಳಗೆ ಮಲಗಿದೆ.

‘ಅಲ್ಲಾರೀ, ನಾವಿಬ್ಬರು ಕೂತರೆ ಅತ್ತೆ ಎಲ್ಲಿ ಕೂರ್ತಾರೆ?’ ಅಂದಳು ಅಕ್ಕ.

ಭಾವ ಸೈಲೆನ್ಸರ್ ಒರೆಸತೊಡಗಿದರು.