ಪೂರ್ವಸೂರಿಯ ಹುಡುಗರು: ಕೋಚ್ ದಾಯಾಧಿಕಾರ ಕುರಿತು ಗುತ್ತಲ ಪಂಥದ ಒಂದು ವ್ಯಾಖ್ಯಾನ

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರರು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದು, ಅಪ್ಪನ ಆಸ್ತಿ ಮಕ್ಕಳಿಗೆ ಯಾವಾಗ, ಎಷ್ಟು, ಹೇಗೆ ಸೇರಬೇಕೆಂಬುದನ್ನು ಎಳೆಎಳೆಯಾಗಿ ಬಿಡಿಸಿಟ್ಟರು. ಅಂದಿನಿಂದ ಎಷ್ಟೋ ತಲೆಮಾರಿನ ವಕೀಲರು ಅದರ ಮೇಲೆ ಮನೆ ಕಟ್ಟಿಕೊಂಡರು. ಆದರೆ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋಚ್ ವರ್ಗವಾಗಿ ಹೋದಾಗ ಹಿಂದೆ ಉಳಿದ ಹನ್ನೆರಡು ಹುಡುಗರು ಹೊಸ ಕೋಚಿಗೆ ಏನಾಗಬೇಕು, ಅವರು ತಂದ ಕಪ್ಪು ಯಾರ ಹೆಸರಿಗೆ, ಅವರು ಸೋತ ಪಂದ್ಯದ ಸಾಲ ಯಾರ ತಲೆಗೆ, ಈ ಬಗ್ಗೆ ವಿಜ್ಞಾನೇಶ್ವರರು ಒಂದು ಸಾಲೂ ಬರೆಯಲಿಲ್ಲ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ 1891ರಲ್ಲಿ ಎಂಬ ನೆಪವನ್ನು ಅವರ ಪರವಾಗಿ ಹೇಳಬಹುದು. ದೊಡ್ಡ ಶಾಸ್ತ್ರಕಾರರಿಗೆ ಅದು ಶೋಭಿಸುವ ನೆಪವಲ್ಲ.

ಈ ಕೊರತೆಯನ್ನು ತುಂಬಿದ್ದು ಗುತ್ತಲ ಪಂಥ. ಪಂಥದ ಪೀಠವಿರುವುದು ಗುತ್ತಲದಲ್ಲಿ, ಬಸ್ಸಿಗೆ ಕಾಯುವವರು ಕೂರುವ ಒಂದು ಚಾದಂಗಡಿಯ ಕಟ್ಟೆಯ ಮೇಲೆ. ಆಚಾರ್ಯರು ಮೂವರು: ಒಬ್ಬರು ನಿವೃತ್ತ ತಲಾಠಿ, ಒಬ್ಬರು ಒಂದು ಕಾಲದ ಕಬಡ್ಡಿ ಆಟಗಾರರು, ಇನ್ನೊಬ್ಬರು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ದಲಾಲಿ ಮಾಡುವವರು. ದೀಪಾವಳಿ ಬಂದರೆ ಹೋರಿ ಹಬ್ಬದಲ್ಲಿ ಯಾವ ಹೋರಿ ಹೇಗೆ ಓಡಿತೆಂದು ತೀರ್ಪು ಕೊಡುವವರೂ ಇವರೇ. ಮೂವರಲ್ಲಿ ಯಾರೂ ಬ್ಯಾಸ್ಕೆಟ್‌ಬಾಲ್ ಆಡಿದವರಲ್ಲ. ಪಂಥದ ಬಲ ಇರುವುದು ಅಲ್ಲೇ. ಆಡಿದವರಿಗೆ ಅನುಮಾನಗಳಿರುತ್ತವೆ. ಇವರಿಗೆ ಗಿರ್ಮಿಟ್ಟಿನ ತಟ್ಟೆ ಖಾಲಿಯಾಗುವುದರೊಳಗೆ ತೀರ್ಪು ಸಿದ್ಧವಿರುತ್ತದೆ.

ಪಂಥದ ಮೂಲಸೂತ್ರ ಇದು: “ಗೆದ್ರ ಹಳೇ ಸರ್ ಹುಡುಗ್ರು, ಸೋತ್ರ ಹೊಸ ಸರ್ ಕೋಚಿಂಗು.” ಸೂತ್ರದ ಮಿತವ್ಯಯವನ್ನು ಗಮನಿಸಬೇಕು. ಪಂದ್ಯ ಸಮವಾದರೆ ಏನು ಗತಿ ಎಂದು ಪೂರ್ವಪಕ್ಷದವರು ಕೇಳಬಹುದು. ಬ್ಯಾಸ್ಕೆಟ್‌ಬಾಲಿನಲ್ಲಿ ಪಂದ್ಯ ಸಮವಾಗಿ ಮುಗಿಯುವುದಿಲ್ಲ, ಒಬ್ಬರು ಸೋಲುವ ತನಕ ಐದೈದು ನಿಮಿಷ ಹೆಚ್ಚಿಗೆ ಆಡಿಸುತ್ತಾರೆ. ಆಟವನ್ನೇ ನೋಡದೆ ಸೂತ್ರಕಾರರಿಗೆ ಇದು ಹೊಳೆದದ್ದು ಹೇಗೆ ಎಂಬುದು ಸಂಶೋಧನೆಗೆ ಬಿಟ್ಟ ವಿಷಯ.

ಇಂಥ ಸೂತ್ರ ಈ ಊರಲ್ಲೇ ಹುಟ್ಟಿದ್ದಕ್ಕೆ ಚಾರಿತ್ರಿಕ ಕಾರಣವಿದೆ. ಹನ್ನೆರಡು–ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿ ಆಳಿದ ಗುತ್ತರು ತಮ್ಮನ್ನು ಚಂದ್ರಗುಪ್ತನ ವಂಶದವರೆಂದೂ ಉಜ್ಜಯಿನೀಪುರವರಾಧೀಶ್ವರರೆಂದೂ ಶಾಸನಗಳಲ್ಲಿ ಕರೆದುಕೊಂಡರು. ಬಿರುದು ಉಜ್ಜಯಿನಿಯದು, ಹೊಲ ತುಂಗಭದ್ರೆಯ ದಂಡೆಯದು. ಅವರು ಸ್ವತಂತ್ರರಲ್ಲ, ಸಾಮಂತರು. ಮೊದಲು ಕಲ್ಯಾಣದ ಚಾಲುಕ್ಯರು, ಆಮೇಲೆ ಬಿಜ್ಜಳನ ಕಳಚುರಿಗಳು, ಅವರಾದ ಮೇಲೆ ದೇವಗಿರಿಯ ಸೇವುಣರು. ಬೆಂಚಿನ ಮೇಲೆ ಕೋಚ್ ಬದಲಾಗುತ್ತ ಹೋದರು, ಅಂಗಳದಲ್ಲಿ ಆಡುತ್ತಿದ್ದವರು ಗುತ್ತರೇ. ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯ ಆವರಣದಲ್ಲಿ ಆಳೆತ್ತರಕ್ಕೂ ಮೀರಿದ ಶಾಸನಗಳು ನಿಂತಿವೆ. ಆ ಕಾಲದ ಶಾಸನಗಳ ಪದ್ಧತಿ ಗೊತ್ತಲ್ಲ: ಮೊದಲ ಸಾಲುಗಳಲ್ಲಿ ಚಕ್ರವರ್ತಿಯ ಹೊಗಳಿಕೆ, ದತ್ತಿ ಕೊಟ್ಟ ಸಾಮಂತನ ಹೆಸರು ಕೆಳಗೆಲ್ಲೋ. ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ಸಂಗತಿಯನ್ನು ಎಂಟುನೂರು ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ ಸೀಮೆಯಿದು.

ಇನ್ನು ಪಂಥಭೇದ. ಮಿತಾಕ್ಷರಾದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನ ತನ್ನ ‘ದಾಯಭಾಗ’ದಲ್ಲಿ ಇದನ್ನು ಒಪ್ಪುವುದಿಲ್ಲ, ಅಪ್ಪ ಸತ್ತ ಮೇಲಷ್ಟೇ ಹಕ್ಕು ಎನ್ನುತ್ತಾನೆ. ಕಟ್ಟೆಯ ಮೇಲೂ ಇದೇ ಜಗಳ. ಕಬಡ್ಡಿ ಆಚಾರ್ಯರು ಮಿತಾಕ್ಷರಾವಾದಿಗಳು: ಹೊಸ ಸರ್ ಆರ್ಡರ್ ಕಾಪಿ ಹಿಡಿದು ಪ್ರಿನ್ಸಿಪಾಲರ ಚೇಂಬರಿನಲ್ಲಿ ಡ್ಯೂಟಿ ರಿಪೋರ್ಟ್ ಮಾಡಿಕೊಂಡ ಗಳಿಗೆಯಿಂದಲೇ ಹುಡುಗರು ಅವರ ಸ್ವತ್ತು. ದಲಾಲರು ದಾಯಭಾಗದ ಕಡೆ: ಹಳೇ ಸರ್ ಕರೆತಂದ ಕೊನೆಯ ಹುಡುಗ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗುವವರೆಗೂ ಹಳೇ ಸರ್ ಜೀವಂತ, ಅಲ್ಲಿಯವರೆಗೆ ಹೊಸಬರು ಬರೀ ಉಸ್ತುವಾರಿ.

ವಿದೇಶಿ ಆಕರಗಳನ್ನೂ ಪಂಥ ಕಡೆಗಣಿಸಿಲ್ಲ, ಮೊಬೈಲ್ ಇದೆಯಲ್ಲ. 1989ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಫ್ರೀಡರ್, ರಾಷ್ಟ್ರೀಯ ಟೂರ್ನಿ ಶುರುವಾಗಲು ಇನ್ನೇನು ಗಳಿಗೆಯಿದೆ ಎನ್ನುವಾಗ, ಅರಿಝೋನಾ ಸ್ಟೇಟ್ ಕೆಲಸ ಒಪ್ಪಿಕೊಂಡರು. ಕ್ರೀಡಾ ನಿರ್ದೇಶಕ ಬೊ ಶೆಂಬೆಕ್ಲರ್ ಅವರಿಗೆ ಸಿಟ್ಟು ಬಂತು. ಹೋಗುವವರು ಈಗಲೇ ಹೋಗಲಿ ಎಂದು, ಸಹಾಯಕ ಸ್ಟೀವ್ ಫಿಶರ್ ಕೈಗೆ ತಂಡ ಕೊಟ್ಟರು. ಫಿಶರ್ ಆರು ಪಂದ್ಯ ಆಡಿಸಿದರು, ಆರೂ ಗೆದ್ದರು. ಫೈನಲ್ ಹೆಚ್ಚುವರಿ ಅವಧಿಗೆ ಹೋಗಿ, ಇನ್ನು ಮೂರು ಸೆಕೆಂಡ್ ಇದೆ ಎನ್ನುವಾಗ ರುಮೀಲ್ ರಾಬಿನ್ಸನ್ ಎರಡು ಫ್ರೀ ಥ್ರೋ ಹಾಕಿ ಸೀಟನ್ ಹಾಲ್ ಮೇಲೆ 80–79ರಲ್ಲಿ ಮುಗಿಸಿದ.

ಕಪ್ಪು ಯಾರದು? ತಲಾಠಿಯವರು ಕನ್ನಡಕ ಏರಿಸಿ ಹೇಳಿದ್ದನ್ನು ಯಥಾವತ್ತಾಗಿ ಬರೆದುಕೊಂಡಿದ್ದೇನೆ: “ಇದು ಕೊಯ್ಲಿನ ಹಿಂದಿನ ದಿನ ಉತಾರ ವರ್ಗ ಆದಂಗ ನೋಡ್ರಿ. ಒಂಬತ್ತನೇ ಕಾಲಂದಾಗ ಹೆಸರು ಹೊಸಾಬಂದು, ಹನ್ನೆರಡನೇ ಕಾಲಂದಾಗ ಬೆಳಿ ಹಳಬಂದು. ಹನ್ನೊಂದನೇ ಕಾಲಂದಾಗ ಬೋಜಾ ಏನರ ಐತೇನು, ಅದನ್ನ ಮೊದ್ಲ ನೋಡ್ಬೇಕು.” ನನ್ನ ಓದಿನಲ್ಲಿ ಕೋಚುಗಳ ಬಗ್ಗೆ ಇದಕ್ಕಿಂತ ಚೊಕ್ಕದಾದ ವಿಶ್ಲೇಷಣೆ ಸಿಕ್ಕಿಲ್ಲ.

ಫಿಶರ್ ಪ್ರಕರಣಕ್ಕೆ ಉತ್ತರಾರ್ಧವೂ ಇದೆ. 1991ರಲ್ಲಿ ಅವರೇ ಆಯ್ದು ತಂದ ಐವರು ಹೊಸ ಹುಡುಗರು ಅಮೆರಿಕದಲ್ಲೆಲ್ಲ ಮನೆಮಾತಾದರು. ಆ ಹುಡುಗರು 1992ರಲ್ಲೂ 1993ರಲ್ಲೂ ಫೈನಲ್‌ಗೆ ಹೋದರು, ಎರಡನ್ನೂ ಸೋತರು. ಪಿತ್ರಾರ್ಜಿತದಲ್ಲಿ ಒಂದು ಕಪ್ಪು, ಸ್ವಯಾರ್ಜಿತದಲ್ಲಿ ಎರಡು ಸೋಲು. ಇದನ್ನು ಕೇಳಿ ದಲಾಲರು ಚಾದಂಗಡಿಯವನಿಗೆ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದರು. ಸಿದ್ಧಾಂತ ಗಟ್ಟಿಯಾದಾಗ ಅವರು ಹೀಗೆ ಮಾಡುತ್ತಾರೆ.

ಕೆಂಟಕಿಯ ಪ್ರಕರಣ ಇನ್ನೂ ಕರುಣಾಜನಕ. 1997ರಲ್ಲಿ ರಿಕ್ ಪಿಟಿನೊ ಬಿಟ್ಟುಹೋದ ತಂಡವನ್ನು ಟಬ್ಬಿ ಸ್ಮಿತ್ ವಹಿಸಿಕೊಂಡು ಮೊದಲ ವರ್ಷವೇ, 1998ರಲ್ಲಿ, ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಆಮೇಲೆ 2007ರವರೆಗೆ ಅಲ್ಲೇ ಇದ್ದರು, ಇನ್ನೊಂದು ಫೈನಲ್ ಕಾಣಲಿಲ್ಲ. ಮೊದಲ ವರ್ಷವೇ ಗೆದ್ದುಬಿಡುವಷ್ಟು ಅವಿವೇಕ ಬೇರೆ ಇಲ್ಲ. ಗೆಲುವು ಹೇಗೂ ಹಿಂದಿನವರ ಖಾತೆಗೆ ಹೋಗುತ್ತದೆ, ನಿಮ್ಮ ಪಾಲಿಗೆ ಉಳಿಯುವುದು ಜನರ ನಿರೀಕ್ಷೆ.

ಸೂತ್ರಕ್ಕೆ ಅಪವಾದವೂ ಉಂಟು. ನಾರ್ತ್ ಕೆರೊಲಿನಾದ ಮ್ಯಾಟ್ ಡೊಹರ್ಟಿ ತಂಡ 2001–02ರಲ್ಲಿ 8 ಗೆದ್ದು 20 ಸೋತಿತು. 2003ರಲ್ಲಿ ಅವರು ಹೋದರು, ರಾಯ್ ವಿಲಿಯಮ್ಸ್ ಬಂದರು. ಡೊಹರ್ಟಿ ಸೇರಿಸಿಕೊಂಡಿದ್ದ ಶಾನ್ ಮೇ, ರೇಮಂಡ್ ಫೆಲ್ಟನ್ ಮುಂತಾದ ಹುಡುಗರೇ 2005ರಲ್ಲಿ ಪ್ರಶಸ್ತಿ ತಂದರು. ಸೂತ್ರದ ಪ್ರಕಾರ ಜಯಕಾರ ಡೊಹರ್ಟಿಗೆ ಸಲ್ಲಬೇಕಿತ್ತು, ಸಂದದ್ದು ವಿಲಿಯಮ್ಸ್ ಅವರಿಗೆ. ಇದಕ್ಕೆ ಪಂಥದ ಉತ್ತರ ಚಿಕ್ಕದು: “ದೊಡ್ಡೋರ ವಿಷಯ ಬ್ಯಾರೆ.” ಶಾಸ್ತ್ರಗಳಲ್ಲಿ ಇದಕ್ಕೆ ‘ವಿಶೇಷವಿಧಿ’ ಎನ್ನುತ್ತಾರೆ.

ಕರ್ನಾಟಕದ ಉದಾಹರಣೆಗಳಲ್ಲಿ 2016ರ ಬೆಂಗಳೂರು ಎಫ್‌ಸಿ ಶ್ರೇಷ್ಠ. ಕ್ಲಬ್ ಹುಟ್ಟಿದ 2013ರಿಂದ ಆ್ಯಶ್ಲಿ ವೆಸ್ಟ್‌ವುಡ್ ತಂಡ ಕಟ್ಟಿದರು, ಎರಡು ಸಲ ಐ–ಲೀಗ್ ಗೆದ್ದರು, 2016ರ ಎಎಫ್‌ಸಿ ಕಪ್‌ನಲ್ಲಿ ಕ್ವಾರ್ಟರ್ ಫೈನಲ್ ತನಕ ತಂಡವನ್ನು ತಂದು ನಿಲ್ಲಿಸಿ ಹೊರಟುಹೋದರು. ಟೂರ್ನಿಯ ನಡುವೆ ಬಂದ ಆಲ್ಬರ್ಟ್ ರೋಕಾ ಅಲ್ಲಿಂದ ಮುಂದಕ್ಕೆ ಒಯ್ದರು. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ, ಈ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಆ ಮೂರು ಗೋಲುಗಳನ್ನು ದಾಯಶಾಸ್ತ್ರದ ಪ್ರಕಾರ ಹಿಸೆ ಮಾಡೋಣ. ಮೊದಲೆರಡು ಹೊಡೆದದ್ದು ವೆಸ್ಟ್‌ವುಡ್ ಕಾಲದ ಸುನಿಲ್ ಚೆಟ್ರಿ, ಆದ್ದರಿಂದ ಪಿತ್ರಾರ್ಜಿತ. ಮೂರನೆಯದು ರೋಕಾ ಬಂದ ಮೇಲೆ ಸೇರಿದ ಸ್ಪೇನಿನ ಹುವಾನನ್ ಹೊಡೆದದ್ದು, ಸ್ವಯಾರ್ಜಿತ. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದ ಎದುರು 0–1ರ ಸೋಲು. ಸೂತ್ರದ ಪ್ರಕಾರ ಫೈನಲ್ ತನಕದ ದಾರಿ ವೆಸ್ಟ್‌ವುಡ್ ಅವರದು, ಕೊನೆಯ ತೊಂಬತ್ತು ನಿಮಿಷ ರೋಕಾ ಅವರದು.

ಕ್ರಿಕೆಟ್ಟಿನಲ್ಲಿ ಮಾತ್ರ ದಾಯಕ್ರಮ ತಲೆಕೆಳಗಾಗಿದೆ. ರವಿಶಾಸ್ತ್ರಿ ನಿರ್ದೇಶಕರಾಗಿದ್ದ ಭಾರತ ತಂಡ 2016ರ ಜೂನ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ ಕೈಗೆ ಬಂತು. ಒಂದು ವರ್ಷದಲ್ಲಿ 17 ಟೆಸ್ಟ್ ಆಡಿ 12 ಗೆದ್ದರು, ಒಂದೇ ಒಂದು ಸೋತರು. 2017ರ ಜೂನ್‌ನಲ್ಲಿ ರಾಜೀನಾಮೆ. ಮರು ತಿಂಗಳು ಅದೇ ಹುಡುಗರು ಮತ್ತೆ ಶಾಸ್ತ್ರಿಗಳಿಗೆ. ಮಗನ ಆಸ್ತಿ ತಿರುಗಿ ಅಪ್ಪನಿಗೆ ಹೋದ ಈ ಪ್ರಕರಣದಲ್ಲಿ ಪೂರ್ವಸೂರಿ ಯಾರೆಂದು ಕಟ್ಟೆಯಲ್ಲಿ ಜಗಳವಾಗಿ, ಚಾದ ದುಡ್ಡು ಕೊಡದೆ ಇಬ್ಬರು ಎದ್ದುಹೋದರು.

ಇಲ್ಲಿ ಫ್ರಾನ್ಸಿಸ್ ಗಾಲ್ಟನ್ ಸಾಹೇಬರನ್ನೂ ಕರೆಯಬೇಕಾಗುತ್ತದೆ. ತೀರ ಎತ್ತರದ ತಂದೆತಾಯಿಯ ಮಕ್ಕಳು ಸಾಮಾನ್ಯವಾಗಿ ಅವರಷ್ಟು ಎತ್ತರ ಬೆಳೆಯುವುದಿಲ್ಲ, ಸರಾಸರಿಯ ಕಡೆಗೆ ಸರಿಯುತ್ತಾರೆ ಎಂದು 1886ರಲ್ಲಿ ಅವರು ಲೆಕ್ಕ ಹಾಕಿ ತೋರಿಸಿದರು. ಕೋಚುಗಳಿಗೂ ಇದು ಸಲ್ಲುತ್ತದೆ. ಹಳೇ ಸರ್‌ಗೆ ಬೇರೆ ಕಡೆಯಿಂದ ಕರೆ ಬರುವುದು ತಂಡದ ಅತಿ ಒಳ್ಳೆಯ ವರ್ಷದ ಮರುದಿನ. ಅಂಥ ವರ್ಷದ ಮುಂದಿನ ವರ್ಷ ಇಳಿಯುವುದೇ ಸಹಜ, ಬೆಂಚಿನ ಮೇಲೆ ಯಾರೇ ಕೂತಿರಲಿ. ಹಾಗೆಯೇ ಎಲ್ಲ ಸೋತು, ಹಳಬರನ್ನು ಕಳಿಸಿದ ಮೇಲೆ ಬಂದವರ ಕೈಯಲ್ಲಿ ತಂಡ ತಾನಾಗಿ ಸ್ವಲ್ಪ ಏಳುತ್ತದೆ. ಆ ಏಳಿಗೆಯಲ್ಲಿ ಕೋಚಿಂಗ್ ಎಷ್ಟು, ಗಾಲ್ಟನ್ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇದನ್ನು ವಿವರಿಸಿದಾಗ ಕಬಡ್ಡಿ ಆಚಾರ್ಯರು ಕೇಳಿದ್ದು: “ಆ ಸಾಹೇಬ್ರು ಯಾವ ಕಾಲೇಜಿಗೆ ಆಡಿದ್ರು?”

ಹಾಗಾದರೆ ಹೊಸಬರನ್ನು ಅಳೆಯುವುದೇ ಬೇಡವೇ? ಬೇಕು. ಇಷ್ಟು ಹೊತ್ತು ಕಟ್ಟೆಯವರ ಮಾತಿಗೆ ತಲೆದೂಗಿದ ಈ ಪ್ರಬಂಧಕಾರನಿಗೂ ಒಂದು ಸಿದ್ಧಾಂತವಿದೆ, ಮತ್ತು ಅದಕ್ಕೆ ಮಿತಾಕ್ಷರಾದಲ್ಲೇ ಆಧಾರವಿದೆ. ಮನೆತನದ ಭೂಮಿ ಯಾರ ಪಾಲೋ ಆಗಿಹೋಗಿದ್ದು, ದಾಯಾದಿಗಳಲ್ಲಿ ಒಬ್ಬ ತನ್ನ ಪ್ರಯತ್ನದಿಂದ ಅದನ್ನು ಬಿಡಿಸಿಕೊಂಡು ಬಂದರೆ, ಅವನಿಗೆ ನಾಲ್ಕನೆಯ ಒಂದು ಪಾಲು ಹೆಚ್ಚು. ಉಳಿದದ್ದರಲ್ಲಿ ಎಲ್ಲರಿಗೂ ಸಮಪಾಲು. ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೂ ಹತ್ತು ಹತ್ತು ನಿಮಿಷದ ನಾಲ್ಕೇ ಕ್ವಾರ್ಟರ್ ಇರುವುದನ್ನು ಕಾಕತಾಳೀಯ ಎನ್ನುವವರು ಎನ್ನಲಿ. ಮೊದಲ ವರ್ಷದ ಪ್ರತಿ ಪಂದ್ಯದ ನಾಲ್ಕನೆಯ ಕ್ವಾರ್ಟರ್ ಹೊಸ ಕೋಚಿನ ಪಾಲು. ಉಳಿದದ್ದನ್ನು ಹಳೇ ಸರ್, ಹುಡುಗರು, ಅವರ ಅಪ್ಪ–ಅವ್ವ ಹಂಚಿಕೊಳ್ಳಲಿ.

ನಾಲ್ಕನೆಯ ಕ್ವಾರ್ಟರಿನಲ್ಲಿ ಏನು ನೋಡಬೇಕು? ಟೈಮ್‌ಔಟ್ ಮುಗಿದು ಹುಡುಗರು ಅಂಗಳಕ್ಕೆ ಬಂದ ಮೇಲಿನ ಇಪ್ಪತ್ತನಾಲ್ಕು ಸೆಕೆಂಡ್ ನೋಡಬೇಕು. ದ್ವಿತೀಯಾರ್ಧಕ್ಕೆ ಸಿಗುವುದು ಮೂರೇ ಟೈಮ್‌ಔಟ್. ಕೋಚ್ ಮೊಣಕಾಲೂರಿ ಚಿಕ್ಕ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಾರೆ, ಹುಡುಗರು ಬಾಟಲಿಯ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುತ್ತ ಹೂಂ ಎನ್ನುತ್ತಾರೆ. ಆಮೇಲೆ ಅಂಗಳದಲ್ಲಿ ಆ ಗೆರೆ ಕಾಣಿಸಿದರೆ ಅದು ಹೊಸ ಸರ್ ಕೈಬರಹ. ಮಿಷಿಗನ್ ತಂಡದ ಕ್ರಿಸ್ ವೆಬರ್ 1993ರ ಫೈನಲಿನ ಕೊನೆಯ ಗಳಿಗೆಯಲ್ಲಿ, ಒಂದೂ ಟೈಮ್‌ಔಟ್ ಉಳಿದಿಲ್ಲದಿರುವಾಗ ಟೈಮ್‌ಔಟ್ ಕೇಳಿ ಟೆಕ್ನಿಕಲ್ ಫೌಲ್ ತಂದುಕೊಂಡ. ಫಿಶರ್ ಅವರ ಸ್ವಯಾರ್ಜಿತ ಹುಡುಗ. ಅಲ್ಲಿ ಹಳಬರ ಮೇಲೆ ಹಾಕಲು ಬರುವುದಿಲ್ಲ.

ಇನ್ನೊಂದು, ಎಡಗೈ. ಎರಡು ವರ್ಷ ಬಲಗೈಯಲ್ಲೇ ಚೆಂಡು ಬಡಿಯುತ್ತ, ಬಲಕ್ಕೇ ನುಗ್ಗುತ್ತ, ಎದುರಾಳಿಗೆಲ್ಲ ಗುರುತು ಸಿಕ್ಕುಬಿಟ್ಟಿದ್ದ ಹುಡುಗ ಮೂರನೆಯ ವರ್ಷದ ದಸರೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿ ಬುಟ್ಟಿಗೆ ಹಾಕಿದನೆನ್ನಿ. ಹುಡುಗ ಪಿತ್ರಾರ್ಜಿತ, ಅವನ ಎಡಗೈ ಸ್ವಯಾರ್ಜಿತ. ಎರಡು ವರ್ಷ ಬೆಂಚು ಕಾಯಿಸಿ ಬೇಸತ್ತು ಗ್ರೌಂಡ್ ಬಿಟ್ಟಿದ್ದವನೊಬ್ಬ ಮತ್ತೆ ಬೂಟು ಕಟ್ಟಿಕೊಂಡು ಬಂದರೆ, ವಿಜ್ಞಾನೇಶ್ವರರು ಹೇಳಿದ ಬಿಡಿಸಿಕೊಂಡ ಭೂಮಿ ಎಂದರೆ ಅದೇ. ಕಪ್ಪು ನೋಡುವವರಿಗೆ ಇದು ಕಾಣುವುದಿಲ್ಲ. ಅದಕ್ಕೆ ಸಂಜೆ ಗ್ರೌಂಡಿಗೆ ಹೋಗಬೇಕು, ಗ್ರೌಂಡಿನಲ್ಲಿ ಗಿರ್ಮಿಟ್ಟು ಸಿಗುವುದಿಲ್ಲ.

ಡಿಗ್ರಿ ಮೂರು ವರ್ಷದ್ದು. ಆದ್ದರಿಂದ ಕಾಲೇಜು ತಂಡದಲ್ಲಿ ದಾಯಾಧಿಕಾರದ ಆಯುಸ್ಸೂ ಹೆಚ್ಚಿಲ್ಲ, ಎರಡು ವರ್ಷ ಕಳೆದರೆ ಹಳಬರ ಹುಡುಗರೆಲ್ಲ ಪಾಸಾಗಿ ಹೋಗಿರುತ್ತಾರೆ. ಮೂರನೆಯ ವರ್ಷದ ತಂಡ ಪೂರ್ತಿ ಹೊಸ ಸರ್ ಅವರದೇ. ಆ ಹೊತ್ತಿಗೆ ಸರಿಯಾಗಿ ವರ್ಗಾವಣೆಯ ಕೌನ್ಸೆಲಿಂಗ್ ಬರುತ್ತದೆ.

ಪಂಥದ ಮುಂದೆ ಈಗ ಉಳಿದಿರುವುದು ಒಂದು ಕಗ್ಗಂಟು. ಗುತ್ತಲದ ಕಡೆಯ ಒಂದು ಕಾಲೇಜಿನಿಂದ ಸರ್ ಒಬ್ಬರು ಬ್ಯಾಡಗಿಯ ಕಡೆಯ ಕಾಲೇಜಿಗೆ ವರ್ಗವಾದರೆನ್ನಿ. ಇಲ್ಲಿ ಅವರು ‘ಹಳೇ ಸರ್’, ಅಲ್ಲಿ ‘ಹೊಸ ಸರ್’. ಝೋನಲ್ ಪಂದ್ಯದಲ್ಲಿ ಎರಡೂ ಕಾಲೇಜು ಎದುರುಬದುರಾಗಿ, ಗುತ್ತಲದ ಹುಡುಗರು ಗೆದ್ದರು. ಸೂತ್ರದ ಪ್ರಕಾರ ಗೆಲುವು ಹಳೇ ಸರ್‌ದು, ಸೋಲು ಹೊಸ ಸರ್‌ದು, ಅಂದರೆ ಇಬ್ಬರೂ ಅವರೇ. ಆಚೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ ಮನುಷ್ಯನೇ ಪಂದ್ಯ ಗೆದ್ದವರು, ಪಂದ್ಯ ಸೋತವರೂ ಅವರೇ. ಈಚೆ ಬೆಂಚಿನ ಮೇಲೆ ಕುಣಿಯುತ್ತಿರುವ ಕೋಚಿಗೆ ಇದರಲ್ಲಿ ಏನೂ ಸಂಬಂಧವಿಲ್ಲ. ಇದನ್ನು ಕಟ್ಟೆಯ ಮುಂದಿಟ್ಟಾಗ ಕಬಡ್ಡಿ ಆಚಾರ್ಯರು ಮರುಪಂದ್ಯ ಆಡಿಸಬೇಕೆಂದರು, ದಲಾಲರು ಕಪ್ಪನ್ನು ಹರಾಜಿಗೆ ಇಡಬೇಕೆಂದರು. ತಲಾಠಿಯವರು ಮಾತ್ರ ಚಾ ಮುಗಿಸಿ, ಬಾಯಿ ಒರೆಸಿಕೊಂಡು, “ಇದು ತಕರಾರು ಕೇಸ್ ಆತು. ತಹಶೀಲ್ದಾರ್ರ ಕಡೆ ಅರ್ಜಿ ಹಾಕ್ರಿ, ಎರಡೂ ಪಾರ್ಟಿಗೆ ಅವರೊಬ್ಬರಿಗೇ ನೋಟೀಸ್ ಕೊಡ್ತಾರ,” ಎಂದರು.