ಕಂತಿನ ಕಾದಂಬರಿಗಾರ್ತಿ

ಪ್ರಣಯ ಕಾದಂಬರಿ ಬರೆಯುವವರ ಬಗ್ಗೆ ಓದುಗರಿಗೆ ಒಂದು ಕಲ್ಪನೆ ಇರುತ್ತದೆ: ಹೊರಗೆ ತುಂತುರು ಮಳೆ, ಕೈಯಲ್ಲಿ ಪೆನ್ನು, ಕಣ್ಣಲ್ಲಿ ಕನಸು. ನಮ್ಮ ಬೀದಿಯ ಕಾದಂಬರಿಗಾರ್ತಿಯ ಕೈಯಲ್ಲಿ ಬೆಳಗಿನ ಹೊತ್ತು ಹುರುಳಿಕಾಯಿ ಇರುತ್ತದೆ. ಅದರ ನಾರು ತೆಗೆಯುತ್ತಲೇ ನಾಯಕನಿಗೆ ಜ್ವರ ಬರಿಸುತ್ತಾರೆ, ನಾಯಕಿಯ ಕೈಯಲ್ಲಿ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿಸುತ್ತಾರೆ, ಕುಕ್ಕರ್ ಮೂರನೇ ಸಲ ಕೂಗುವಷ್ಟರಲ್ಲಿ ಇಬ್ಬರಿಗೂ ಪ್ರೇಮ ಅಂಟಿಸಿ ಒಲೆ ಆರಿಸುತ್ತಾರೆ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಹರೆಯದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ ಅವರನ್ನು ತಂದು ತಲೆದಿಂಬಿನಡಿ ಇಟ್ಟುಕೊಂಡವರು. ಆಮೇಲೆ ತಾವೇ ವಾರಪತ್ರಿಕೆಗೆ ಧಾರಾವಾಹಿ ಶುರು ಹಚ್ಚಿದವರು. ಇವರ ನಾಯಕ ಆರಡಿ ಎತ್ತರ, ಮಿತಭಾಷಿ, ಚಿಕ್ಕಮಗಳೂರಿನ ಕಡೆ ಕಾಫಿ ತೋಟ. ನಾಯಕಿಗೆ ತಂದೆ ಇಲ್ಲ, ಟೈಪಿಂಗ್ ಸೀನಿಯರ್ ಪಾಸು. ನಡುವೆ ನಾಯಕನ ತಾಯಿ. ಇಷ್ಟು ಬಂಡವಾಳದಲ್ಲಿ ಆರು ತಿಂಗಳು ಧಾರಾವಾಹಿ ನಿರಾತಂಕವಾಗಿ ನಡೆಯುತ್ತದೆ.

ನಮ್ಮವರದು ಮಾತ್ರ ನಡೆಯುವುದಿಲ್ಲ, ನಿಂತು ನಿಂತು ಹೋಗುತ್ತದೆ. ಕಾರಣ, ಅವರಿಗೆ ಪದಗಳ ಜಾತಕ ನೋಡುವ ಹುಚ್ಚು. ಬರೆಯುವ ಜಾಗದಲ್ಲಿ ಒಂದು ಕಡೆ 1894ರ ಕಿಟ್ಟೆಲ್ ನಿಘಂಟಿನ ಮರುಮುದ್ರಣ, ಇನ್ನೊಂದು ಕಡೆ ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’. ಎರಡರ ರಟ್ಟಿಗೂ ಒಗ್ಗರಣೆ ಹಾರಿದ ಗುರುತಿದೆ. ನಾಯಕಿ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳಬೇಕು ಎನ್ನಿ. ತಲೆ ಇಡುವ ಮೊದಲು ಮೇಜು ಎಲ್ಲಿಂದ ಬಂತು ಅಂತ ವಿಚಾರಿಸಬೇಡವೇ? ಪಾರ್ಸಿಯ ‘ಮೇಜ್’ ನನ್ನದು ಎನ್ನುತ್ತದೆ, ಪೋರ್ಚುಗೀಸರ ‘ಮೇಸ’ ತನ್ನದು ಎನ್ನುತ್ತದೆ. “ನೋಡಿದ್ರಾ, ತ್ರಿಕೋನ ಪ್ರೇಮ ಅಂದರೆ ಇದು!” ಎಂದು ಇವರು ಪುಲಕಿತರಾಗಿ ಕೂರುತ್ತಾರೆ. ಅತ್ತ ನಾಯಕಿಯ ಕಣ್ಣೀರು ತಾನಾಗಿಯೇ ಆರಿಹೋಗಿರುತ್ತದೆ.

ತಳ್ಳುಗಾಡಿಯವನಿಗೂ ಬಿಡುಗಡೆಯಿಲ್ಲ. “ಪರಂಗಿ ಹಣ್ಣು ಅಂತೀಯಲ್ಲ, ಪರಂಗಿ ಅಂದರೆ ಫಿರಂಗಿಗಳು ಕಣಪ್ಪಾ, ಹಡಗಿನಲ್ಲಿ ಬಂದವರು. ಅವರು ತಂದ ಹಣ್ಣು ಇದು” ಎಂದರು ಒಂದು ದಿನ. ಅವನು ಗಾಬರಿಯಾದ. “ಇಲ್ಲ ಅಮ್ಮಾವ್ರೇ, ನಂಜನಗೂಡಿಂದು. ಬೆಳಿಗ್ಗೆನೇ ಇಳಿಸಿದ್ದು, ಕುಯ್ದು ತೋರಿಸ್ಲಾ?”

ಕಳೆದ ಯುಗಾದಿಯ ಆಸುಪಾಸಿನಲ್ಲಿ ಬಂದ ಒಂದು ಕಂತು ನಮ್ಮ ಬೀದಿಯಲ್ಲಿ ಇಂದಿಗೂ ಪ್ರಸಿದ್ಧ. ನಾಯಕಿ ಗವಾಕ್ಷದ ಬಳಿ ನಿಂತಿದ್ದಾಳೆ. ಗವಾಕ್ಷ ಎಂದರೆ ಹಸುವಿನ ಕಣ್ಣು ಎಂದು ಒಂದು ಸಾಲು ವಿವರಣೆ. ನಾಯಕ ಅವಳ ಗವೇಷಣೆಯಲ್ಲಿ ಊರೆಲ್ಲ ಅಲೆಯುತ್ತಿದ್ದಾನೆ. ಗವೇಷಣೆ ಎಂದರೆ ಮೂಲದಲ್ಲಿ ಕಳೆದ ಹಸು ಹುಡುಕುವುದು ಎಂದು ಇನ್ನೊಂದು ಸಾಲು. ಇಬ್ಬರೂ ಭೇಟಿಯಾಗುವುದು ಗೋಧೂಳಿಯಲ್ಲಿ. ಅದು ಹಸುಗಳು ಮನೆಗೆ ಬರುವಾಗ ಏಳುವ ಧೂಳು, ಹೇಳಬೇಕಾಗಿಯೇ ಇರಲಿಲ್ಲ, ಹೇಳಿದರು. ಆಗ ನಾಯಕನ ತಾಯಿ ಬಂದು ಗೋತ್ರದ ತಕರಾರು ತೆಗೆಯುತ್ತಾಳೆ. ಗೋತ್ರ ಎಂದರೆ ದನದ ಕೊಟ್ಟಿಗೆಯೇ ಎಂದು ನಾಯಕಿ ಆಕೆಗೆ ತಿಳಿಸಿಕೊಡುವಲ್ಲಿಗೆ ‘ಮುಂದುವರಿಯುವುದು’. ಸಂಪಾದಕರು ಫೋನು ಮಾಡಿ, “ಮೇಡಂ, ನಮ್ಮದು ಕುಟುಂಬ ಪತ್ರಿಕೆ. ಪಶುಸಂಗೋಪನೆ ಇಲಾಖೆಯವರದು ಬೇರೆ ಇದೆ” ಎಂದರಂತೆ.

ಇವರ ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಹೆಂಡತಿಯ ಒಂದು ಕಾದಂಬರಿಯನ್ನೂ ಓದಿಲ್ಲ, ಆದರೆ ಪ್ರೂಫು ತಿದ್ದಿದ್ದಾರೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂಬುದು ಬ್ಯಾಂಕಿನವರಿಗೇ ಗೊತ್ತು. ಒಮ್ಮೆ ಅವರು, “ಸಾರಿಗೆ ಉಪ್ಪು ಜಾಸ್ತಿ ಅಂದರೆ ಏನೇ ಇಷ್ಟೊಂದು ತಕರಾರು ನಿಂದು?” ಎಂದರು. ಇವರು ಸೌಟು ಕೆಳಗಿಟ್ಟು ಹೇಳಿದರು: “ತಕರಾರು ಅಂದರೆ ಅರಬ್ಬಿಯಲ್ಲಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳೋದು ರೀ. ಮದುವೆಯಾದಾಗಿಂದ ಉಪ್ಪು ಜಾಸ್ತಿ, ಉಪ್ಪು ಜಾಸ್ತಿ ಅಂತಿರೋದು ಯಾರು?” ಯಜಮಾನರು ಅರ್ಧ ಲೋಟ ನೀರು ಕುಡಿದು, “ಹಾಗಾದರೆ ರಾಜಿ” ಎಂದರು. “ಅದೂ ಅರಬ್ಬಿಯೇ” ಎಂದು ಇವರು ಇನ್ನೊಂದು ಸೌಟು ಬಡಿಸಿದರು.

ಮದುವೆ ಮನೆಗೆ ಇವರನ್ನು ಕರೆಯಬೇಕೋ ಬೇಡವೋ ಎಂದು ಬಂಧುಗಳು ಈಗ ಯೋಚಿಸುತ್ತಾರೆ. ಮುಂಚೆ ಹೀಗಿರಲಿಲ್ಲ. ಒಂದು ನಿಶ್ಚಿತಾರ್ಥದಲ್ಲಿ ಊಟದ ಪಂಕ್ತಿಯಲ್ಲಿ ಕೂತು, ವಿವಾಹಕ್ಕೂ ವಾಹನಕ್ಕೂ ಧಾತು ಒಂದೇ, ‘ವಹ್’, ಅಂದರೆ ಹೊತ್ತೊಯ್ಯುವುದು ಎಂದು ವಿವರಿಸಿದರು. ಅಲ್ಲಿಯವರೆಗೆ ಬಾಯಿ ಬಿಡಲು ಸಂಕೋಚಪಡುತ್ತಿದ್ದ ಗಂಡಿನ ತಂದೆ ಹೋಳಿಗೆ ಬಿಟ್ಟು ತಲೆಯೆತ್ತಿ, “ಶಾಸ್ತ್ರದಲ್ಲೇ ಹಾಗಿದೆಯಾ!” ಎಂದು ಕಾರಿನ ಮಾತು ತೆಗೆದರು. ಹೆಣ್ಣಿನ ತಂದೆ ಅಂದಿನಿಂದ ಇವರನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಾರೆ. ಸಾಹಿತಿಗಳೂ ಅಷ್ಟೇ. ತಾಲ್ಲೂಕು ಸಮ್ಮೇಳನದ ಮಹಿಳಾ ಗೋಷ್ಠಿಗೆ ಅಧ್ಯಕ್ಷರಾಗಿ ಹೋದವರು ಮೊದಲ ವಾಕ್ಯದಲ್ಲೇ, ಗೋಷ್ಠಿ ಎಂಬುದು ಗೋಷ್ಠದಿಂದ, ಅಂದರೆ ಹಸು ಕಟ್ಟುವ ಜಾಗದಿಂದ ಬಂದದ್ದು ಎಂದುಬಿಟ್ಟರು. ವೇದಿಕೆಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಗೆಂದು ಇವರಿಗೆ ಪ್ರಣಯದ ಮೇಲೆ ನಂಬಿಕೆ ಹೋಗಿದೆ ಎಂದುಕೊಳ್ಳಬೇಡಿ. ಪ್ರಣಯ, ಪರಿಣಯ, ಅನುನಯ, ನಯನ, ನಾಯಕ, ನಾಯಕಿ, ಎಲ್ಲಕ್ಕೂ ಹಿಂದಿರುವುದು ‘ನೀ’ ಎಂಬ ಒಂದೇ ಸಂಸ್ಕೃತ ಧಾತು, ಕರೆದೊಯ್ಯುವುದು ಎಂದು ಅದರ ಅರ್ಥ. ಕಣ್ಣು ಒಯ್ಯುತ್ತದೆ, ಪ್ರಣಯ ಮುಂದಕ್ಕೆ ಒಯ್ಯುತ್ತದೆ, ಪರಿಣಯ ಅಗ್ನಿಯ ಸುತ್ತ ಒಯ್ಯುತ್ತದೆ. “ಇಡೀ ನನ್ನ ಕಾದಂಬರಿಯೇ ಒಂದು ಧಾತುವಿನಲ್ಲಿದೆ. ಅದೂ ಕನ್ನಡದ ಕಿವಿಗೆ ‘ನೀ’ ಅಂತಲೇ ಕೇಳುತ್ತೆ!” ಎಂದು ಹೇಳುವಾಗ ಅವರ ಮುಖದಲ್ಲಿ ಬರುವ ಬೆಳಕು ಅವರ ಯಾವ ನಾಯಕಿಯ ಮುಖದಲ್ಲೂ ಬಂದದ್ದಿಲ್ಲ. ನಿಜ ಹೇಳಬೇಕೆಂದರೆ ಆರಡಿಯ ತೋಟದ ಮಾಲೀಕನ ಮೇಲೆ ಅವರಿಗೆ ಎಂದೋ ಬೇಸರ ಬಂದಿದೆ. ಅವನು ಯಾವ ವಾರ ಏನು ಮಾಡುತ್ತಾನೆಂದು ಅವರಿಗೂ ಗೊತ್ತು, ಓದುಗರಿಗೂ ಗೊತ್ತು. ಪದಗಳು ಹಾಗಲ್ಲ, ಯಾವುದು ಯಾವ ಊರಿನಿಂದ, ಯಾರ ಕೈ ಹಿಡಿದು ಓಡಿಬಂದಿದೆ ಎಂದು ಮೊದಲೇ ಹೇಳಲಾಗದು. ಪ್ರೇಮದ ಕುತೂಹಲ ಪೂರ್ತಿ ಅಲ್ಲಿಗೆ ವರ್ಗವಾಗಿದೆ.

ಕಂತು ತಡವಾದರೆ ಇವರು ತೋರಿಸುವ ಆಧಾರ ಬಾಣಭಟ್ಟ. ನಾವು ಕಾದಂಬರಿ ಎನ್ನುವುದೇ ಅವನ ನಾಯಕಿಯ ಹೆಸರಿನಿಂದ. ಸಂಸ್ಕೃತದಲ್ಲಿ ಆ ಪದಕ್ಕೆ ಮದ್ಯ ಎಂಬ ಅರ್ಥವೂ ಇದೆ, ಚಟ ಬಿಡದಿರುವುದು ಅದಕ್ಕೇ. ಆದರೆ ಬಾಣನಿಗೇ ತನ್ನ ‘ಕಾದಂಬರಿ’ಯನ್ನು ಮುಗಿಸಲಾಗಲಿಲ್ಲ, ಮಗ ಮುಗಿಸಿದ. ಈ ಕತೆ ಬಂದಾಗಲೆಲ್ಲ ಮನೆಯ ಮಗರಾಯ ಲ್ಯಾಪ್‌ಟಾಪು ಎತ್ತಿಕೊಂಡು ಮಹಡಿ ಹತ್ತುತ್ತಾನೆ.

ಮೊನ್ನೆ ಸಂಪಾದಕರು ಮತ್ತೆ ಫೋನು ಮಾಡಿದ್ದರು. “ಮೇಡಂ, ನಾಳೆ ಪುಟ ಹೋಗಬೇಕು. ಕಂತು ಎಲ್ಲಿ?”

“ಕಂತು ಅಂದರೆ ಮನ್ಮಥ ಅಂತಲೂ ಅರ್ಥ ಇದೆ, ಗೊತ್ತಾ ಸಾರ್? ದಾಸರು ವಿಷ್ಣುವನ್ನು ಕಂತುಪಿತ ಅನ್ನುತ್ತಾರಲ್ಲ. ಆ ಮನ್ಮಥನನ್ನು ಶಿವ ಸುಟ್ಟ ಮೇಲೆ ಅನಂಗನಾದ, ದೇಹವೇ ಇಲ್ಲ. ಈ ವಾರದ ಕಂತೂ ಸದ್ಯಕ್ಕೆ ಹಾಗೇ ಇದೆ, ಭಾವದಲ್ಲಿದೆ, ಆಕಾರಕ್ಕೆ ಬಂದಿಲ್ಲ.”

ಆ ಕಡೆ ಒಂದು ಕ್ಷಣ ಮೌನ. “ಬಹಳ ಸ್ವಾರಸ್ಯವಾಗಿದೆ ಮೇಡಂ. ಹಾಗಾದರೆ ಈ ತಿಂಗಳ ಸಂಭಾವನೆಯನ್ನೂ ನಾವು ಭಾವದಲ್ಲೇ ಕಳಿಸುತ್ತೇವೆ.”

ರಾತ್ರಿ ಒಂಬತ್ತರೊಳಗೆ ಕಂತು ವಾಟ್ಸಾಪಿನಲ್ಲಿ ಹೋಯಿತು. ನಾಯಕ ನಾಯಕಿ ಒಂದಾಗಿದ್ದರು, ತಾಯಿ ಒಪ್ಪಿದ್ದರು, ಉದ್ದಕ್ಕೂ ಒಂದೇ ಒಂದು ಹಸು ಇರಲಿಲ್ಲ.